ಬಾಲ್ಕನಿಗೆ ಬಂದ ಹಕ್ಕಿ: ಕಾಳೂ ಬೇಡ, ಕೋಪವೂ ಬೇಡ



ನಮ್ಮ ಆರೋಗ್ಯ ಮಾಲಿಕೆಯಲ್ಲಿ ಈ ಸಲ ಮಾತ್ರೆ, ಪಥ್ಯ, ಸಕ್ಕರೆ ಕಾಯಿಲೆಗಳ ಮಾತಿಲ್ಲ. ಹಕ್ಕಿಗಳ ಮಾತಿದೆ. ಆರೋಗ್ಯದ ಲೇಖನದಲ್ಲಿ ಹಕ್ಕಿಗೇನು ಕೆಲಸ ಎಂದು ಕೇಳಬೇಡಿ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳ ಫ್ಲಾಟುಗಳಲ್ಲಿ ಇರುವ ನಮಗೆ ಹಕ್ಕಿಗಳು ಊರಿನಲ್ಲಿ ಇದ್ದಾಗಿನಷ್ಟು ದೂರದಲ್ಲಿಲ್ಲ. ಊರಿನಲ್ಲಿ ಅವು ಮರದ ಮೇಲಿದ್ದವು, ನಾವು ಅಂಗಳದಲ್ಲಿದ್ದೆವು. ಇಲ್ಲಿ ಪಾರಿವಾಳ ಎಸಿಯ ಮೇಲೆ ಮೊಟ್ಟೆ ಇಡುತ್ತದೆ, ಕಾಗೆ ಅಡಿಗೆಮನೆ ಕಿಟಕಿಯಿಂದ ಚಪಾತಿ ಎತ್ತುತ್ತದೆ, ಹದ್ದು ಟೆರೇಸಿನಲ್ಲಿ ಬಟ್ಟೆ ಒಣಹಾಕಲು ಹೋದವರ ತಲೆಗೆ ಎರಗುತ್ತದೆ. ಇಷ್ಟು ಹತ್ತಿರದ ಸಹವಾಸಕ್ಕೆ ಒಂದು ರೀತಿ ನೀತಿ ಬೇಕು. ಅದು ನಮ್ಮ ಬಹುಪಾಲು ಮನೆಗಳಲ್ಲಿ ಇನ್ನೂ ಇಲ್ಲ. ಒಂದೋ ಅತಿ ಮುದ್ದು, ಇಲ್ಲವೇ ಅತಿ ಸಿಟ್ಟು. ಎರಡೂ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬುದು ಈ ಲೇಖನದ ಸಾರ.

*ಮೊದಲು ಪಾರಿವಾಳದ ವಿಷಯ*

ಪಾರಿವಾಳ ಮೂಲದಲ್ಲಿ ಕಲ್ಲುಬಂಡೆಗಳ ಹಕ್ಕಿ. ಕಡಿದಾದ ಬಂಡೆಯ ಸಂದಿನಲ್ಲಿ ಗೂಡು ಕಟ್ಟುವುದು ಅದರ ಸ್ವಭಾವ. ನಮ್ಮ ಇಪ್ಪತ್ತು ಮಹಡಿಯ ಕಟ್ಟಡ ಅದರ ಕಣ್ಣಿಗೆ ಒಂದು ದೊಡ್ಡ ಬಂಡೆ. ಎಸಿಯ ಹೊರಪೆಟ್ಟಿಗೆ, ಪೈಪ್ ಹಾದುಹೋಗುವ ಡಕ್ಟ್, ಬಾತ್‌ರೂಮಿನ ಕಿಟಕಿ ಎಲ್ಲವೂ ಸಂದುಗಳೇ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆ. ಹದಿನೇಳು ಹದಿನೆಂಟು ದಿನಕ್ಕೆ ಮರಿ. ಇನ್ನೊಂದು ತಿಂಗಳು ಕಳೆದರೆ ಮರಿ ಹಾರುತ್ತದೆ. ತಿನ್ನಲು ಸಿಕ್ಕರೆ ವರ್ಷದಲ್ಲಿ ಹಲವು ಸಲ ಹೀಗೆ ನಡೆಯುತ್ತದೆ. ಜಾಗ ನಾವೇ ಕೊಟ್ಟೆವು, ಕಾಳೂ ನಾವೇ ಹಾಕುತ್ತೇವೆ. ಹಿಡಿದು ತಿನ್ನುವ ಡೇಗೆಗಳು ಊರ ನಡುವೆ ಕಡಿಮೆ. ಸಂಖ್ಯೆ ಏರದೆ ಇನ್ನೇನಾದೀತು?

ಈಗ ಶ್ವಾಸಕೋಶದ ವಿಷಯಕ್ಕೆ ಬರೋಣ. ಪಾರಿವಾಳದ ಹಿಕ್ಕೆ ಒಣಗಿ ಪುಡಿಯಾಗುತ್ತದೆ. ಅದರ ಪುಕ್ಕದಿಂದಲೂ ಬಿಳಿ ಹಿಟ್ಟಿನಂಥ ನುಣ್ಣನೆ ಧೂಳು ಉದುರುತ್ತದೆ. ಇದರಲ್ಲಿರುವ ಪ್ರೋಟೀನು ದಿನವೂ ಉಸಿರಿನ ಜೊತೆ ಒಳಗೆ ಹೋದರೆ ಕೆಲವರ ದೇಹ ಅದನ್ನು ಶತ್ರು ಎಂದು ತಿಳಿದು ಹೋರಾಟಕ್ಕೆ ನಿಲ್ಲುತ್ತದೆ. ಆ ಹೋರಾಟದಲ್ಲಿ ಉರಿಯೂತ ಬರುವುದು ನಮ್ಮದೇ ಶ್ವಾಸಕೋಶಕ್ಕೆ. ವೈದ್ಯರು ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎನ್ನುತ್ತಾರೆ. ಪಾರಿವಾಳ ಸಾಕುವವರಲ್ಲಿ ಹೆಚ್ಚಾಗಿ ಕಂಡದ್ದರಿಂದ ಪಾರಿವಾಳ ಸಾಕುವವರ ಶ್ವಾಸಕೋಶ ಎಂಬ ಹೆಸರೂ ಇದಕ್ಕಿದೆ.

ಇದು ಎರಡು ರೂಪದಲ್ಲಿ ಬರುತ್ತದೆ. ಒಂದು, ಧೂಳು ಒಳಗೆ ಹೋದ ನಾಲ್ಕರಿಂದ ಎಂಟು ಗಂಟೆಗಳಲ್ಲಿ ಜ್ವರ, ಚಳಿ, ಒಣಕೆಮ್ಮು, ಉಬ್ಬಸ. ಎರಡು ದಿನದಲ್ಲಿ ಕಡಿಮೆಯಾಗುತ್ತದೆ, ನಾವು ವೈರಲ್ ಜ್ವರ ಎಂದುಕೊಳ್ಳುತ್ತೇವೆ. ಇನ್ನೊಂದು ಸದ್ದಿಲ್ಲದೆ ಬರುವ ರೂಪ. ತಿಂಗಳುಗಟ್ಟಲೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ತೂಕ ಇಳಿಯುವುದು. ವಯಸ್ಸಾಯಿತು, ಮುಂಬೈ ಹವೆ ಒಗ್ಗುತ್ತಿಲ್ಲ, ದೆಹಲಿ ಹೊಗೆ ಎಂದು ನಾವೇ ಕಾರಣ ಕೊಟ್ಟುಕೊಳ್ಳುತ್ತೇವೆ. ಅಷ್ಟರಲ್ಲಿ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗಿರುತ್ತದೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಮೃದುವಾಗುವುದಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಪಾರಿವಾಳದ ಹತ್ತಿರ ಇರುವ ಎಲ್ಲರಿಗೂ ಇದು ಬರುವುದಿಲ್ಲ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಯಾರಿಗೆ ಬರುತ್ತದೆ ಎಂದು ಮುಂಚೆ ಗೊತ್ತಾಗುವುದಿಲ್ಲ ಎಂಬುದೇ ತೊಂದರೆ. ಭಾರತದ 19 ನಗರಗಳ 27 ಕೇಂದ್ರಗಳು ಸೇರಿ ಶ್ವಾಸಕೋಶ ಗಟ್ಟಿಯಾಗುವ ಬಗೆಯ ಕಾಯಿಲೆಗಳಿದ್ದ 1,084 ಜನರನ್ನು ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದವು. ಅವರಲ್ಲಿ ಶೇಕಡಾ 47ರಷ್ಟು ಜನರಿಗೆ ಇದ್ದದ್ದು ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಇದು ಆ ರೋಗಿಗಳ ಪೈಕಿ ಲೆಕ್ಕವೇ ಹೊರತು ಊರ ಜನರ ಲೆಕ್ಕವಲ್ಲ, ಗಮನಿಸಿ. ಅಲ್ಲಿ ಕಂಡ ಕಾರಣಗಳಲ್ಲಿ ಹಕ್ಕಿಗಳ ಜೊತೆಗೆ ಏರ್ ಕೂಲರ್ ಮತ್ತು ಗೋಡೆಯ ಬೂಸ್ಟೂ ಇದ್ದವು. ಆದ್ದರಿಂದ ದೆಹಲಿ, ಹೈದರಾಬಾದಿನವರು ಬೇಸಿಗೆ ಬರುವ ಮೊದಲು ಕೂಲರಿನ ಹುಲ್ಲುಪ್ಯಾಡ್ ಬದಲಿಸಿ, ತೊಟ್ಟಿ ತಿಕ್ಕಿ ತೊಳೆಯುವುದನ್ನು ಮರೆಯಬೇಡಿ.

ಮೂರು ವಾರ ಕಳೆದರೂ ಒಣಕೆಮ್ಮು ನಿಲ್ಲದಿದ್ದರೆ ಶ್ವಾಸಕೋಶ ತಜ್ಞರನ್ನು ಕಾಣಿ. ಮುಖ್ಯವಾದ ಮಾತು: ಬಾಲ್ಕನಿಯಲ್ಲಿ ಪಾರಿವಾಳ ಇವೆ ಎಂದು ನೀವಾಗಿಯೇ ವೈದ್ಯರಿಗೆ ಹೇಳಿ. ನಮ್ಮ ದೇಶದಲ್ಲಿ ಕೆಮ್ಮು ಎಂದರೆ ಮೊದಲು ಟಿಬಿ, ಅಸ್ತಮಾ ನೆನಪಾಗುವುದು ಸಹಜ. ಹಕ್ಕಿಯ ವಿಷಯ ಹೇಳಿದರೆ ಸ್ಕ್ಯಾನ್, ಉಸಿರಿನ ಪರೀಕ್ಷೆ ಬೇಗ ಆಗುತ್ತವೆ. ಈ ಕಾಯಿಲೆಗೆ ಮೊದಲ ಔಷಧ ಆ ಧೂಳಿನಿಂದ ದೂರ ಇರುವುದು. ಅದಾಗದೆ ಸ್ಟೀರಾಯ್ಡ್ ನುಂಗಿದರೆ ತೂತು ಕೊಡಕ್ಕೆ ನೀರು ತುಂಬಿದಂತೆ.

*ಕಾಳು ಹಾಕುವುದು ಪುಣ್ಯವೇ?*

2025ರ ಆಗಸ್ಟ್ ತಿಂಗಳಲ್ಲಿ ಮುಂಬೈ ಮಹಾನಗರಪಾಲಿಕೆ ದಾದರಿನ ಹಳೆಯ ಕಬೂತರ್‌ಖಾನಾವನ್ನು ಟಾರ್ಪಾಲಿನ್ ಹೊದಿಸಿ ಮುಚ್ಚಿತು. ವಿಷಯ ಹೈಕೋರ್ಟಿನಲ್ಲಿತ್ತು. ಬೀದಿಯಲ್ಲಿ ಪ್ರತಿಭಟನೆಯೂ ಆಯಿತು. ಮಾಟುಂಗಾ, ದಾದರ್, ಮಾಹಿಮ್ ಕಡೆಯ ನಮ್ಮವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಒಂದು ಕಡೆ ಜೀವದಯೆ, ಇನ್ನೊಂದು ಕಡೆ ಜನರ ಉಸಿರು. ಯಾರ ಭಕ್ತಿಯನ್ನೂ ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೂ ನನ್ನ ಅಭಿಪ್ರಾಯ ಸ್ಪಷ್ಟ: ನಗರದ ನಡುವೆ, ಮನೆಗಳ ಬಾಯಿಯಲ್ಲಿ ಪಾರಿವಾಳಗಳಿಗೆ ಮೂಟೆಗಟ್ಟಲೆ ಕಾಳು ಸುರಿಯುವುದು ನಿಲ್ಲಬೇಕು.

ನಮ್ಮ ಸಂಪ್ರದಾಯದಲ್ಲೂ ಹಕ್ಕಿಗೆ ಅನ್ನ ಇಡುವುದು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಊಟಕ್ಕೆ ಮೊದಲು ಕಾಗೆಗೆ ಒಂದು ತುತ್ತು, ಪಕ್ಷಮಾಸದಲ್ಲಿ ಪಿಂಡ. ಆದರೆ ಅದರ ಅಳತೆ ನೋಡಿ. ಒಂದು ತುತ್ತು ಅನ್ನ, ಹಿತ್ತಿಲ ಗೋಡೆಯ ಮೇಲೆ. ಕಾಗೆ ಬಂತು, ತಿಂದಿತು, ಹೋಯಿತು. ಎರಡು ನಿಮಿಷದ ವ್ಯವಹಾರ. ಆ ಹಕ್ಕಿ ಉಳಿದ ಹೊತ್ತೆಲ್ಲ ಇಲಿ, ಹುಳು, ಕೊಳೆತದ್ದು ತಿಂದು ಊರು ಶುಚಿ ಮಾಡುತ್ತಿತ್ತು. ದಿನವೂ ಎರಡು ಕಿಲೋ ಜೋಳ ಸುರಿದು ಇನ್ನೂರು ಪಾರಿವಾಳ ಕೂಡಿಸುವುದಕ್ಕೂ ಅಜ್ಜಿಯ ಆ ಒಂದು ತುತ್ತಿಗೂ ಹೋಲಿಕೆಯೇ ಇಲ್ಲ. ಹಿರಿಯರ ಹೆಸರು ಹೇಳಿ ಹಿರಿಯರು ಮಾಡದ ಕೆಲಸ ಮಾಡುವುದು ಸರಿಯಲ್ಲ.

ಪಾರಿವಾಳಕ್ಕಾದರೂ ಇದರಿಂದ ಒಳ್ಳೆಯದಾಗುತ್ತದೆಯೇ? ಒಂದೇ ಕಡೆ ಕಿಕ್ಕಿರಿದ ಹಕ್ಕಿಗಳಲ್ಲಿ ರೋಗ ಬೇಗ ಹರಡುತ್ತದೆ. ಚೆಲ್ಲಿದ ಕಾಳಿಗೆ ಇಲಿ ಹೆಗ್ಗಣಗಳೂ ಸೇರುತ್ತವೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ದಶಕಗಳ ಕಾಲ ಪಾರಿವಾಳ ಹಿಡಿದು ಕೊಂದರೂ ಸಂಖ್ಯೆ ಇಳಿಯಲಿಲ್ಲ. 1988ರಲ್ಲಿ ಅಲ್ಲಿ ದಾರಿ ಬದಲಿಸಿದರು. ಕಾಳು ಹಾಕಬೇಡಿ ಎಂದು ಜನರಿಗೆ ತಿಳಿಹೇಳಿದರು, ಮೇಲ್ವಿಚಾರಣೆಯ ಗೂಡುಗಳನ್ನು ಇಟ್ಟು ಮೊಟ್ಟೆ ತೆಗೆದರು. ಸುಮಾರು ನಾಲ್ಕು ವರ್ಷಗಳಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಿತು. ಕೊಲ್ಲುವುದರಿಂದ ಆಗದ್ದು ಕೈ ಹಿಡಿದಿಟ್ಟುಕೊಂಡದ್ದರಿಂದ ಆಯಿತು.

*ಅಮ್ಮನ ಕೈಯ ಕಾಳು*

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಮನೆಗಳಲ್ಲಿ ಹಕ್ಕಿಗೆ ಕಾಳು ಹಾಕುವವರು ಹೆಚ್ಚಾಗಿ ಯಾರು? ಧಾರವಾಡ, ಹಾಸನ, ಉಡುಪಿ, ಕಲಬುರ್ಗಿಯಿಂದ ಮಗನ ಮನೆಗೋ ಮಗಳ ಮನೆಗೋ ಬಂದ ಅಪ್ಪ, ಅಮ್ಮ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ. ನೆರೆಮನೆಯವರ ಭಾಷೆ ಬರುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಾತಿಗೆ ಯಾರೂ ಇಲ್ಲ. ಆ ಹೊತ್ತಿನಲ್ಲಿ ಗ್ರಿಲ್ಲಿನ ಮೇಲೆ ಬಂದು ಕೂರುವ ಹಕ್ಕಿಯೇ ಅವರಿಗೆ ಜೊತೆ. ಅದಕ್ಕೆ ಕನ್ನಡದಲ್ಲೇ ಮಾತನಾಡಬಹುದು, ಅದು ತಿರುಗಿ ಹಿಂದಿಯಲ್ಲಿ ಕೇಳುವುದಿಲ್ಲ.

ಇಂಥವರ ಕೈಯಿಂದ ಕಾಳಿನ ಡಬ್ಬಿ ಕಿತ್ತುಕೊಂಡು, ಇದರಿಂದ ರೋಗ ಬರುತ್ತೆ ಅಮ್ಮ, ಸಾಕು ಮಾಡು ಎಂದು ಗದರಿದರೆ ಶ್ವಾಸಕೋಶ ಉಳಿಯಬಹುದು, ಮನಸ್ಸು ಮುದುಡುತ್ತದೆ. ಹಕ್ಕಿಯನ್ನು ನೋಡುವುದು, ಅದರ ದನಿ ಕೇಳುವುದು ಮನಸ್ಸಿಗೆ ಹಿತ ಎಂಬುದಕ್ಕೆ ಆಧಾರವಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಸುಮಾರು 1,300 ಜನರ ಮೊಬೈಲಿನಲ್ಲಿ ಆಗಾಗ ಪ್ರಶ್ನೆ ಕೇಳಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಕ್ಕಿ ಕಂಡ ಅಥವಾ ಕೇಳಿದ ಮೇಲೆ ಜನರ ಮನಸ್ಸು ಹಗುರಾಗಿದ್ದು ಹಲವು ಗಂಟೆಗಳ ಕಾಲ ಹಾಗೇ ಇತ್ತು. ಖಿನ್ನತೆ ಇದ್ದವರಲ್ಲೂ ಹಾಗೆಯೇ ಕಂಡಿತು. ಅಂದರೆ ಅಮ್ಮನಿಗೆ ಹಕ್ಕಿ ಬೇಕು. ಬೇಡವಾದದ್ದು ಕಾಳಿನ ರಾಶಿ ಮತ್ತು ಹಿಕ್ಕೆ.

ಹಾಗಾದರೆ ಏನು ಮಾಡಬಹುದು?

👉 ಕಾಳಿನ ಬದಲು ಗಿಡ. ಬಾಲ್ಕನಿಯಲ್ಲಿ ದಾಸವಾಳ, ಕೇಪಳದ ಕುಂಡ ಇಡಿ. ಸೂರಕ್ಕಿ ಜೇನು ಹೀರಲು ಬರುತ್ತದೆ, ಹತ್ತಿರದಲ್ಲಿ ಮರಗಳಿದ್ದರೆ ಪಿಕಳಾರವೂ ಸುಳಿಯುತ್ತದೆ. ಇವು ಗುಂಪುಗಟ್ಟಿ ಬೀಡು ಬಿಡುವುದಿಲ್ಲ.

👉 ಬೇಸಿಗೆಯಲ್ಲಿ ಅಗಲ ಬಾಯಿಯ ಮಣ್ಣಿನ ಬಟ್ಟಲಲ್ಲಿ ನೀರು. ಬಾಲ್ಕನಿಯೊಳಗಲ್ಲ, ಸೊಸೈಟಿಯ ತೋಟದಲ್ಲಿ ಅಥವಾ ಗೋಡೆಯ ಹೊರಗೆ. ದಿನವೂ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಡೆಂಗ್ಯೂ ಸೊಳ್ಳೆಗೆ ತೊಟ್ಟಿಲಾಗುತ್ತದೆ.

👉 ಅಪ್ಪ ಅಮ್ಮನನ್ನು ವಾರಕ್ಕೆರಡು ದಿನ ಹತ್ತಿರದ ಪಾರ್ಕಿಗೆ ಕರೆದೊಯ್ಯಿರಿ. ಊರಿನ ಹಕ್ಕಿಗಳ ಹೆಸರು ಅವರಿಗೆ ಗೊತ್ತು: ಗೊರವಂಕ, ಕೆಂಬೂತ, ಮಿಂಚುಳ್ಳಿ, ಮರಕುಟಿಗ. ಆ ಹೆಸರುಗಳನ್ನು ಮೊಮ್ಮಕ್ಕಳಿಗೆ ಅವರೇ ಕಲಿಸಲಿ. ಹಕ್ಕಿಯೂ ಸಿಕ್ಕಿತು, ಕನ್ನಡವೂ ಉಳಿಯಿತು, ನಡಿಗೆಯೂ ಆಯಿತು.

*ಹಿಕ್ಕೆ ತೆಗೆಯುವ ರೀತಿ*

ಹೆಚ್ಚಿನ ತೊಂದರೆ ಆಗುವುದು ಇಲ್ಲೇ. ಭಾನುವಾರ ಬೆಳಿಗ್ಗೆ ಪೊರಕೆ ಹಿಡಿದು ಒಣ ಹಿಕ್ಕೆಯನ್ನು ಗರಗರ ಗುಡಿಸುತ್ತೇವೆ. ಧೂಳೆಲ್ಲ ಮೂಗಿಗೆ. ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮೆದುಳಿನ ಪೊರೆಗೂ ಸೋಂಕು ತರಬಲ್ಲದು.

✅ ಒಣ ಹಿಕ್ಕೆಯನ್ನು ಎಂದೂ ಗುಡಿಸಬೇಡಿ. ಮೊದಲು ಸೋಪಿನ ನೀರು ಚಿಮುಕಿಸಿ, ಹತ್ತು ನಿಮಿಷ ನೆನೆಯಲು ಬಿಡಿ.
✅ ಎನ್-95 ಮಾಸ್ಕ್, ಕೈಗವಸು ಹಾಕಿ. ಹಳೆ ಪೇಪರಿನಿಂದ ಒರೆಸಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ.
✅ ಆ ಹೊತ್ತಿಗೆ ಎಸಿ, ಫ್ಯಾನ್ ಆರಿಸಿ. ಮನೆಯೊಳಗಿನ ಬಾಗಿಲು ಮುಚ್ಚಿ.
✅ ಅಸ್ತಮಾ ಇರುವವರು, ಗರ್ಭಿಣಿಯರು, ಮಕ್ಕಳು, ವಯಸ್ಸಾದವರು, ಕ್ಯಾನ್ಸರ್ ಅಥವಾ ಕಿಡ್ನಿ ಕಸಿಯ ಔಷಧ ತೆಗೆದುಕೊಳ್ಳುವವರು ಈ ಕೆಲಸ ಮಾಡಬಾರದು.
✅ ಕೆಲಸಕ್ಕೆ ಬರುವ ಬಾಯಿಗೆ ಹೇಳಿ ಮಾಡಿಸುವುದಾದರೆ ಆಕೆಗೂ ಮಾಸ್ಕ್ ಕೊಡಿ. ಆಕೆಗೂ ಇರುವುದು ಎರಡೇ ಶ್ವಾಸಕೋಶ.

ಬಲೆ ಹಾಕಿಸುವುದಿದ್ದರೆ ಗೂಡು ಆಗುವ ಮೊದಲೇ ಹಾಕಿಸಿ. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿ ನರಳುತ್ತದೆ, ಬಿಗಿಯಾಗಿ ಕಟ್ಟಿಸಿ. ಕಡ್ಡಿ ತಂದು ಹಾಕಲು ಶುರುಮಾಡಿದ ದಿನವೇ ತೆಗೆದರೆ ಪಾಪದ ಪ್ರಶ್ನೆ ಬರುವುದಿಲ್ಲ. ಮರಿ ಆಗಿಬಿಟ್ಟಿದ್ದರೆ, ಮನೆಯಲ್ಲಿ ಶ್ವಾಸಕೋಶದ ರೋಗಿ ಇಲ್ಲದಿದ್ದರೆ, ಒಂದು ತಿಂಗಳು ಆ ಕಿಟಕಿ ಮುಚ್ಚಿ ಕಾಯಿರಿ. ರೋಗಿ ಇದ್ದರೆ ಪಕ್ಷಿ ರಕ್ಷಣೆ ಮಾಡುವವರನ್ನು ಕರೆಸಿ. ವಿಷ, ಅಂಟು, ಚೂಪು ಮೊಳೆ ಬೇಡವೇ ಬೇಡ.

*ಕಾಗೆ ತಲೆ ಮುಟ್ಟಿದರೆ*

ಕಾಗೆ ತಲೆಗೆ ಬಡಿದರೆ ಅಪಶಕುನ, ಶನಿ ಕಾಟ ಎಂದು ಹೆದರಿ ಮನೆಮಂದಿಯೆಲ್ಲ ಕಂಗಾಲಾಗುವುದನ್ನು ಕಂಡಿದ್ದೇವೆ. ಕಾರಣ ಗ್ರಹದಲ್ಲಿಲ್ಲ, ಮರದಲ್ಲಿದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಕಾಗೆ ಗೂಡು ಕಟ್ಟಿ ಮರಿ ಮಾಡುತ್ತದೆ. ಮರಿ ಹಾರಲು ಕಲಿಯುವಾಗ ಆ ಮರದ ಕೆಳಗೆ ಹೋಗುವ ಪ್ರತಿಯೊಬ್ಬರೂ ಅದಕ್ಕೆ ಕಳ್ಳರೇ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಬಿಟ್ಟರು. ವರ್ಷಗಳಾದರೂ ಅಲ್ಲಿನ ಕಾಗೆಗಳು ಆ ಮುಖವಾಡ ಕಂಡಾಗ ಕೂಗಿ ಬೆನ್ನಟ್ಟಿದವು. ಆದ್ದರಿಂದ ಕಲ್ಲು ಹೊಡೆದು ದ್ವೇಷ ಕಟ್ಟಿಕೊಳ್ಳಬೇಡಿ. ಎರಡು ವಾರ ಕೊಡೆ ಹಿಡಿದು ಓಡಾಡಿ ಅಥವಾ ದಾರಿ ಬದಲಿಸಿ. ತಲೆಸ್ನಾನ ಮಾಡಿದರೆ ತಪ್ಪಿಲ್ಲ, ಶಾಂತಿಗೆಂದು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ.

ದೆಹಲಿಯಲ್ಲಿ ಇದೇ ಕತೆ ಹದ್ದಿನದು. ಜಗತ್ತಿನಲ್ಲೇ ಕರಿ ಹದ್ದುಗಳು ಅತಿ ಒತ್ತಾಗಿ ಗೂಡು ಕಟ್ಟುವ ನಗರಗಳಲ್ಲಿ ದೆಹಲಿ ಒಂದು. ಚಳಿಗಾಲದಿಂದ ಬೇಸಿಗೆಯವರೆಗೆ ಅವುಗಳ ಮರಿ ಮಾಡುವ ಕಾಲ. ಆ ತಿಂಗಳುಗಳಲ್ಲಿ ಟೆರೇಸಿಗೆ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. ಬಯಲಿನಲ್ಲಿ ತಿಂಡಿ ಕೈಯಲ್ಲಿ ಹಿಡಿದು ತಿನ್ನಬೇಡಿ.

ಉಗುರು ತಾಗಿ ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಕಣ್ಣಿಗೆ ತಾಗಿದರೆ ಕಾಯದೆ ಕಣ್ಣಿನ ಆಸ್ಪತ್ರೆಗೆ ಹೋಗಿ. ನಾಯಿ ಕಚ್ಚಿದಾಗ ಕೊಡುವ ರೇಬೀಸ್ ಚುಚ್ಚುಮದ್ದು ಹಕ್ಕಿ ಗೀರಿದ್ದಕ್ಕೆ ಬೇಕಿಲ್ಲ. ರೇಬೀಸ್ ಸಸ್ತನಿಗಳಿಂದ ಬರುವ ರೋಗ.

ಗಾಳಿಪಟದ ಮಾತೂ ಇಲ್ಲೇ ಸೇರಲಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆದರೂ ಸಂಕ್ರಾಂತಿಗೆ, ಆಗಸ್ಟ್ 15ಕ್ಕೆ ಅದು ಮಾರುಕಟ್ಟೆಗೆ ಬರುತ್ತದೆ. ಹದ್ದಿನ ರೆಕ್ಕೆ ಕೊಯ್ಯುವ ಅದೇ ದಾರ ಬೈಕಿನವರ ಕತ್ತನ್ನೂ ಕೊಯ್ಯುತ್ತದೆ. ಮಕ್ಕಳಿಗೆ ಹತ್ತಿ ದಾರ ಕೊಡಿಸಿ.

*ಮರಿ ಬಿದ್ದಿದ್ದರೆ, ಗಾಜಿಗೆ ಬಡಿದಿದ್ದರೆ*

ಮಕ್ಕಳು ಓಡಿಬಂದು ಹಕ್ಕಿ ಮರಿ ಬಿದ್ದಿದೆ ಎಂದರೆ ಮೊದಲು ದೂರ ನಿಂತು ನೋಡಿ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ತಾಯಿ ಹತ್ತಿರದಲ್ಲೇ ಇರುತ್ತದೆ. ಬೆಕ್ಕು, ನಾಯಿ ಬರದಂತೆ ಪೊದೆಯ ಮೇಲೆ ಇಟ್ಟು ಸರಿದುಬಿಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ನಿಜವಲ್ಲ. ಪುಕ್ಕವೇ ಬಾರದ ಮರಿಯಾದರೆ ಗೂಡಿಗೆ ಮರಳಿಸಿ.

ಗಾಜಿಗೆ ಬಡಿದು ಮಂಕಾದ ಹಕ್ಕಿಯನ್ನು ಬಟ್ಟೆಯಲ್ಲಿ ಎತ್ತಿ, ಗಾಳಿತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲೆ, ಮೌನದಲ್ಲಿ ಒಂದೆರಡು ಗಂಟೆ ಬಿಡಿ. ಹಾಲು, ಬ್ರೆಡ್, ಅನ್ನ ಕೊಡಬೇಡಿ. ಕೊಕ್ಕು ಬಿಡಿಸಿ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಚೇತರಿಸಿದರೆ ಹೊರಗೆ ಒಯ್ದು ಪೆಟ್ಟಿಗೆ ತೆರೆಯಿರಿ. ಇಲ್ಲದಿದ್ದರೆ ಹತ್ತಿರದ ಪ್ರಾಣಿ ಆಸ್ಪತ್ರೆಗೆ ಒಯ್ಯಿರಿ. ಮುಂಬೈಯಲ್ಲಿ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ, ದೆಹಲಿಯಲ್ಲಿ ಕೆಂಪುಕೋಟೆ ಎದುರಿನ ಜೈನ ಪಕ್ಷಿ ಆಸ್ಪತ್ರೆ ಹಳೆಯ ಹೆಸರುಗಳು. ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಮುದ್ದಾಗಿದೆ ಎಂದು ಗಿಳಿಮರಿಯನ್ನು ಪಂಜರದಲ್ಲಿಡಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅದು ಅಪರಾಧ.

ಸತ್ತ ಹಕ್ಕಿಯನ್ನು ಮಾತ್ರ ಬರಿಗೈಯಲ್ಲಿ ಮುಟ್ಟಲೇಬೇಡಿ, ಮಕ್ಕಳಿಗೂ ಇದನ್ನು ಕಲಿಸಿ. 2025ರ ಜನವರಿಯಲ್ಲಿ ಲಾತೂರ್ ಜಿಲ್ಲೆಯ ಉದಗೀರಿನಲ್ಲಿ ಕಾಗೆಗಳು ಸತ್ತು ಬಿದ್ದಾಗ ಪರೀಕ್ಷೆಯಲ್ಲಿ ಕಂಡದ್ದು ಹಕ್ಕಿಜ್ವರ. ಒಂದೇ ಕಡೆ ನಾಲ್ಕಾರು ಹಕ್ಕಿ ಸತ್ತಿದ್ದರೆ ಪಾಲಿಕೆಗೆ ಅಥವಾ ಪಶು ಆಸ್ಪತ್ರೆಗೆ ತಿಳಿಸಿ.

*ಕೊಕ್ಕರೆ ಬೆಳ್ಳೂರಿನ ಪಾಠ*

ಹಕ್ಕಿ ಬೇಕೋ ಆರೋಗ್ಯ ಬೇಕೋ ಎಂದು ಕೇಳುವವರಿಗೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ತೋರಿಸಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆ, ಮನೆಗಳ ತಲೆಯ ಮೇಲೆಯೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ಕಾಣುತ್ತಾರೆ. 2007ರಲ್ಲಿ ಸರಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಆ ಊರಿನವರು ಗಾಳಿಗೆ ಬಿದ್ದ ಮರಿಗಳನ್ನು ಎತ್ತಿ ಸಾಕಿ ಬಿಟ್ಟಿದ್ದಾರೆ. ಆದರೆ ಹಾರಾಡುವ ಹಕ್ಕಿಗೆ ಬೀದಿಯಲ್ಲಿ ಮೂಟೆ ಸುರಿದು ಊಟ ಹಾಕಲಿಲ್ಲ. ಅವು ಕೆರೆ ಹೊಳೆಗಳಲ್ಲಿ ಮೀನು ತಾವೇ ಹಿಡಿಯುತ್ತವೆ. ಊರವರು ಮುಖ್ಯವಾಗಿ ಮಾಡಿದ್ದು ಮರ ಕಡಿಯದೆ ಉಳಿಸಿದ್ದು, ಕಲ್ಲು ಹೊಡೆಯದೆ ಬಿಟ್ಟದ್ದು. ಹಿಕ್ಕೆ ಅವರ ಹೊಲಕ್ಕೆ ಗೊಬ್ಬರವಾಯಿತು.

ಇದೇ ನಾವು ಊರಿನಿಂದ ತರಬೇಕಾದ ಬುತ್ತಿ. ಹಕ್ಕಿಗೆ ಬೇಕಾದದ್ದು ನಮ್ಮ ಜೋಳವಲ್ಲ, ಮರ. ಸೊಸೈಟಿಯ ಸಭೆಯಲ್ಲಿ ಪಾರ್ಕಿಂಗಿಗಾಗಿ ಮರ ಕಡಿಯುವ ಮಾತು ಬಂದಾಗ ಬೇಡ ಎಂದು ಕೈ ಎತ್ತಿ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬರುವವರಿಗೆ ಶಾಲಿನ ಬದಲು ಒಂದು ಗಿಡ ಕೊಡಿ. ಬಾಲ್ಕನಿಯಲ್ಲಿ ಎರಡು ಕಿಲೋ ಕಾಳು ಹಾಕುವ ಹಣದಲ್ಲಿ ತಿಂಗಳಿಗೊಂದು ಸಸಿ ಬರುತ್ತದೆ.

ಈ ಲೇಖನ ವೈದ್ಯರ ಸಲಹೆಗೆ ಬದಲಿ ಅಲ್ಲ. ಕೆಮ್ಮು, ಏದುಸಿರು ಇದ್ದರೆ ತಜ್ಞರನ್ನೇ ಕಾಣಿ. ನಿಮ್ಮ ಪರಿಚಯದಲ್ಲಿ ದಿನವೂ ಪಾರಿವಾಳಕ್ಕೆ ಕಾಳು ಹಾಕುವ ಹಿರಿಯರು ಇದ್ದರೆ ಇದನ್ನು ಸುಮ್ಮನೆ ಫಾರ್ವರ್ಡ್ ಮಾಡಬೇಡಿ. ಅವರ ಪಕ್ಕ ಕೂತು, ಒಂದು ಲೋಟ ಕಾಫಿ ಕುಡಿಯುತ್ತಾ ಓದಿ ಹೇಳಿ. 🙏